ಲಗಾಮು ಹಿಡಿದವನ ವಿಚಾರಣೆ

ಕೊಪ್ಪಳದ ಸಮೀಪದ ಕಿನ್ನಾಳಕ್ಕೆ ಎಲ್ಲರೂ ಬಣ್ಣದ ಗೊಂಬೆಗಳನ್ನು ಕೊಳ್ಳಲು ಹೋಗುತ್ತಾರೆ. ನಾನು ಹೋದದ್ದು ಒಂದು ತಪ್ಪನ್ನು ಒಪ್ಪಿಕೊಳ್ಳುವುದಕ್ಕೆ. ಹಿಂದೆ ನಾನು ಪಾಠ ಹೇಳುತ್ತಿದ್ದ ಕಾಲೇಜೊಂದರಲ್ಲಿ, ಪರೀಕ್ಷೆಯ ಅಕ್ರಮಗಳನ್ನು ವಿಚಾರಿಸುವ ಸಮಿತಿಯಲ್ಲಿ ನಾನೂ ಒಬ್ಬನಾಗಿದ್ದೆ. ಆ ಊರಿನ ಹುಡುಗನೊಬ್ಬನ ಮೇಜಿನಡಿಯಲ್ಲಿ ಚೀಟಿ ಸಿಕ್ಕಿತು. “ನಂದಲ್ರಿ ಸರ” ಎಂದಷ್ಟೇ ಅವನು ಹೇಳಿದ. ಹತ್ತು ನಿಮಿಷದಲ್ಲಿ ನಮ್ಮೆಲ್ಲರ ಸಹಿ ಬಿದ್ದಿತು. ಅವನ ಒಂದು ವರ್ಷ ಹೋಯಿತು. ಅದು ಬೆಳಗಿನ ಪರೀಕ್ಷೆಗೆ ಅದೇ ಜಾಗದಲ್ಲಿ ಕುಳಿತಿದ್ದ ಬೇರೊಬ್ಬನ ಬರಹವೆಂದು ತಿಳಿದುಬಂದದ್ದು ಆಮೇಲೆ.

ಹುಣಸೆ ಬೀಜದ ಅಂಟಿನಿಂದ ಮರದ ಕುದುರೆಯೊಂದಕ್ಕೆ ಕಾಲು ಕೂಡಿಸುತ್ತಿದ್ದ ಹುಡುಗನ ತಂದೆ ನನ್ನ ಮಾತನ್ನು ಕೇಳಿ ಸಿಟ್ಟಾಗಲಿಲ್ಲ. “ಗೊಂಬಿ ಸೀಳಿತಂದ್ರ ಮಾಡಿದ ಕೈಗೆ ಬೈತಾರ್ರಿ ಸರ. ಕಟ್ಟಿಗಿ ಹಸಿ ಇತ್ತೇನು, ಯಾರು ಕೊಟ್ಟಿದ್ರು ಅಂತ ಯಾರೂ ಕೇಳಂಗಿಲ್ಲ” ಎಂದರು. ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡು, ಊರಿಗೆ ಮರಳಿದ ಮೇಲೆ ನಾನು ಎರಡು ಕೃತಿಗಳನ್ನು ಮತ್ತೆ ಓದಿದೆ. ಒಂದು, ಡಿಕ್ ಫ್ರಾನ್ಸಿಸ್‌ನ ‘ಎನ್‌ಕ್ವೈರಿ’ ಎಂಬ ಇಂಗ್ಲಿಷ್ ಕಾದಂಬರಿ. ಇನ್ನೊಂದು, ನಮ್ಮ ಕುಮಾರವ್ಯಾಸನ ಕರ್ಣಪರ್ವ. ಎತ್ತಣ ಜಾಕಿ, ಎತ್ತಣ ಸಾರಥಿ ಎಂದು ವಾಚಕರು ನಗಬಹುದು. ಇಬ್ಬರ ಕೈಯಲ್ಲಿರುವುದೂ ಲಗಾಮು. ಇಬ್ಬರ ಮೇಲಿರುವುದೂ ಒಂದೇ ಬಗೆಯ ಆರೋಪ: ಗೆಲ್ಲಿಸಬೇಕಾದವನು ಸೋಲಿಸಿದನೆಂಬುದು.

ಫ್ರಾನ್ಸಿಸ್ ಸ್ವತಃ ಜಾಕಿಯಾಗಿದ್ದವನು. 1956ರ ಗ್ರ್ಯಾಂಡ್ ನ್ಯಾಷನಲ್ ಪಂದ್ಯದಲ್ಲಿ ಅವನು ಏರಿದ್ದ ರಾಜಮಾತೆಯ ಕುದುರೆ ಡೆವನ್ ಲಾಕ್, ಎಲ್ಲರಿಗಿಂತ ಮುಂದಿದ್ದು, ಗುರಿಗೆ ಕೆಲವೇ ಗಜಗಳಿರುವಾಗ ಕುಸಿಯಿತು. ಕಾರಣ ಇಂದಿಗೂ ಖಚಿತವಾಗಿಲ್ಲ. ಕುದುರೆ ಸೋತದ್ದನ್ನು ಸಾವಿರ ಕಣ್ಣುಗಳು ನೋಡಬಹುದು, ಏಕೆ ಸೋತಿತೆಂಬುದನ್ನು ಒಂದು ಕಣ್ಣೂ ಕಾಣದಿರಬಹುದು ಎಂಬುದು ಅವನಿಗೆ ಅನುಭವದಿಂದ ಬಂದ ತಿಳಿವು. 1969ರಲ್ಲಿ ಬಂದ ‘ಎನ್‌ಕ್ವೈರಿ’ಯ ಜೀವಾಳ ಇದೇ. ಜಾಕಿ ಕೆಲ್ಲಿ ಹ್ಯೂಸ್ ಬೇಕೆಂದೇ ಕುದುರೆಯನ್ನು ಹಿಂದೆ ಎಳೆದನೆಂಬುದು ಆಪಾದನೆ. ಸ್ಟೀವರ್ಡರ ಮುಂದೆ ಬೇರೊಂದು ಪಂದ್ಯದ ಚಿತ್ರಸುರುಳಿ ಓಡುತ್ತದೆ. ಕೃತಕವಾಗಿ ಸೃಷ್ಟಿಸಿದ ಛಾಯಾಚಿತ್ರ ಸಾಕ್ಷ್ಯವಾಗುತ್ತದೆ. ಹ್ಯೂಸನೂ ಅವನ ತರಬೇತುದಾರನೂ ಮೈದಾನದಿಂದ ಹೊರಗಾಗುತ್ತಾರೆ.

ಆ ವಿಚಾರಣೆಯ ಅಧ್ಯಾಯ ಓದುವಾಗ ನನಗೆ ನಮ್ಮ ಸಮಿತಿಯ ಕೋಣೆ ಕಣ್ಣಿಗೆ ಕಟ್ಟಿತು. ತೀರ್ಪು ಮೊದಲೇ ಮನಸ್ಸಿನಲ್ಲಿದ್ದರೆ ಪ್ರಶ್ನೆಗಳು ಕೇವಲ ಮರ್ಯಾದೆಗೆ ಕೇಳುವ ಮಾತುಗಳಾಗುತ್ತವೆ. ಇಷ್ಟರ ಮಟ್ಟಿಗೆ ಕಾದಂಬರಿ ಶ್ರೇಷ್ಠವಾಗಿದೆ. ಆದರೆ ಕಡೆಯಲ್ಲಿ ಅದು ಸುಲಭದ ದಾರಿ ಹಿಡಿಯುತ್ತದೆ. ಪೀಠದ ಮೇಲೆ ಕುಳಿತವನು ಬೆದರಿಕೆಗೆ ಒಳಗಾಗಿದ್ದನೆಂದು ಬಯಲಾದೊಡನೆ ನಮ್ಮ ಮನಸ್ಸು ಹಗುರವಾಗುತ್ತದೆ. ಯಾರ ಬೆದರಿಕೆಯೂ ಇಲ್ಲದೆ, ಕೇವಲ ಆತುರದಿಂದ ಅನ್ಯಾಯ ಮಾಡುವ ಸಭ್ಯರ ಕಥೆಯನ್ನು ಫ್ರಾನ್ಸಿಸ್ ಬರೆಯಲಿಲ್ಲ. ನಾವು ಹೆಚ್ಚಿನವರು ಆ ಗುಂಪಿಗೆ ಸೇರಿದವರು.

ಇನ್ನು ಶಲ್ಯ. ಮೂಲ ಭಾರತದ ಉದ್ಯೋಗಪರ್ವದಲ್ಲಿ ಅವನು ಪಾಂಡವರ ಕಡೆಗೆಂದು ಹೊರಟವನು. ದಾರಿಯಲ್ಲಿ ದುರ್ಯೋಧನನ ಗುಟ್ಟಿನ ಆತಿಥ್ಯಕ್ಕೆ ಮರುಳಾಗಿ ಮಾತು ಕೊಟ್ಟುಬಿಟ್ಟ. ಕರ್ಣನಿಗೆ ಸಾರಥಿಯಾದಾಗ ಅವನ ತೇಜಸ್ಸನ್ನು ಕುಂದಿಸಬೇಕೆಂದು ಆಮೇಲೆ ಅವನನ್ನು ಕೇಳಿಕೊಂಡವನು ಯಾರು? ಸಾಕ್ಷಾತ್ ಧರ್ಮರಾಯ! ಶಲ್ಯ ಒಪ್ಪಿದ, ರಣದಲ್ಲಿ ಕರ್ಣನನ್ನು ಹೀಯಾಳಿಸಿದ. ಇಂದಿನ ರೇಸಿನ ಭಾಷೆಯಲ್ಲಿ ಇದು ಎದುರು ಪಾಳೆಯದವರ ಜತೆಗಿನ ಒಳಒಪ್ಪಂದವೇ ಸರಿ. ಆದರೂ ಗಂಡಾಂತರದ ಘಳಿಗೆಯಲ್ಲಿ ಅವನು ಕೊಟ್ಟ ಸಲಹೆ ಪ್ರಾಮಾಣಿಕವಾಗಿತ್ತು. ಸರ್ಪಾಸ್ತ್ರದ ಗುರಿ ಸರಿಯಿಲ್ಲ, ತಿದ್ದಿ ತೊಡು ಎಂದ. ಕರ್ಣ ಕೇಳಲಿಲ್ಲ, ಬಾಣ ಅರ್ಜುನನ ಕಿರೀಟವನ್ನಷ್ಟೇ ಒಯ್ದಿತು.

ಮೂಲದಲ್ಲಿ ಶಲ್ಯ ಕಡೆಯವರೆಗೂ ರಥದಲ್ಲಿರುತ್ತಾನೆ. ಕರ್ಣ ಬಿದ್ದ ಮೇಲೆ ಬರಿದಾದ ರಥವನ್ನು ಹೊಡೆದುಕೊಂಡು ಹೋಗುತ್ತಾನೆ. ಗದುಗಿನ ಕವಿ ಇದನ್ನು ಬದಲಿಸಿದ. ಅಲ್ಲಿ ಶಲ್ಯ ಕೋಪಗೊಂಡು ರಥದಿಂದ ಇಳಿದು ಹೋಗುತ್ತಾನೆ. ಕರ್ಣನ ಏಕಾಕಿತನ ಇದರಿಂದ ಎಷ್ಟು ಆಳವಾಯಿತೆಂಬುದನ್ನು ಸಹೃದಯರು ಬಲ್ಲರು. ಆದರೆ ಬೆಲೆ ತೆತ್ತವನು ಶಲ್ಯ. ನಮ್ಮ ಜನದ ಮನಸ್ಸಿನಲ್ಲಿ ಅವನು ನಡುದಾರಿಯಲ್ಲಿ ಕೈಬಿಟ್ಟವನಾಗಿ ಉಳಿದ. ಹೀಗೆ ಮಾಡು ಎಂದು ಬೇಡಿಕೊಂಡವನು ಧರ್ಮರಾಯನಾಗಿಯೇ ಉಳಿದ. ಕವಿಯನ್ನು ನಾನು ದೂರುತ್ತಿಲ್ಲ. ಪ್ರಸಂಗ ಮುಗಿದ ಮೇಲೂ ಲಗಾಮಿನ ಕೈಯನ್ನಷ್ಟೇ ನೋಡುವ ನಮ್ಮ ಓದನ್ನು ದೂರುತ್ತಿದ್ದೇನೆ.

ಇದು ಕೇವಲ ಕಾವ್ಯದ ಮಾತಲ್ಲ. ಕುದುರೆ ಪಂದ್ಯ ಬರಿಯ ಅದೃಷ್ಟದಾಟವಲ್ಲ, ಕೌಶಲದ ಆಟವೆಂದು ನಮ್ಮ ಸುಪ್ರೀಂ ಕೋರ್ಟು 1996ರಲ್ಲಿ, ಮದರಾಸಿನ ರೇಸ್ ಕ್ಲಬ್ಬಿನ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಕುದುರೆಯ ಓಟದ ಜತೆಗೆ ಜಾಕಿಯ ಚಾತುರ್ಯವೂ ಆ ಕೌಶಲದ ಭಾಗ. ಅವನು ಕೈ ಬಿಗಿಹಿಡಿದರೆ ಆ ತೀರ್ಪಿನ ತಳಪಾಯವೇ ಅಲುಗುತ್ತದೆ. ಹಣ ಕಟ್ಟಿದ ಸಾಮಾನ್ಯನು ಮೋಸಹೋಗುತ್ತಾನೆ. ಆದ್ದರಿಂದ ಶಿಕ್ಷೆ ಬೇಡವೆಂದು ನಾನು ಹೇಳಲಾರೆ. ಬೆಂಗಳೂರಿನಲ್ಲಾಗಲಿ ಮೈಸೂರಿನಲ್ಲಾಗಲಿ ಪರವಾನಗಿ ಕಳೆದುಕೊಂಡ ಸವಾರನಿಗೆ ಬೇರೆ ಕಸುಬು ಗೊತ್ತಿರುವುದು ಅಪರೂಪ. ಅದಕ್ಕೇ ವಿಚಾರಣೆ ನೆಟ್ಟಗಿರಬೇಕೆನ್ನುತ್ತೇನೆ.

1976ರಲ್ಲಿ ಸಿಡ್ನಿಯ ರಾಂಡ್‌ವಿಕ್ ಮೈದಾನದಲ್ಲಿ ಕೌಂಟ್ ಮೇಯೋ ಎಂಬ ಕುದುರೆಯನ್ನು ಅದರ ಯೋಗ್ಯತೆಗೆ ತಕ್ಕಂತೆ ಓಡಿಸಲಿಲ್ಲವೆಂಬ ಆಪಾದನೆ ಬಂದಾಗ, ವಿಚಾರಣೆ ಜೀನಿನ ಹತ್ತಿರ ನಿಲ್ಲಲಿಲ್ಲ. ಕುದುರೆಯ ಪಾಲುದಾರ ಮಾಲೀಕನಿಗೂ ಶಿಕ್ಷೆಯಾಯಿತು. ಅವನು ಲಂಡನ್ನಿನ ಪ್ರಿವಿ ಕೌನ್ಸಿಲಿನವರೆಗೆ ಹೋಗಿ ಸೋತ. ಮೊದಲ ವಿಚಾರಣೆಯಲ್ಲಿ ಕೊರತೆಯಿದ್ದರೂ ಪೂರ್ಣವಾಗಿ, ನ್ಯಾಯವಾಗಿ ನಡೆದ ಮೇಲ್ಮನವಿ ಅದನ್ನು ಸರಿಪಡಿಸಬಹುದೆಂದು ಆ ಪೀಠ 1979ರಲ್ಲಿ ಹೇಳಿತು. ನಮ್ಮ ಹುಡುಗನಿಗೆ ಮೇಲ್ಮನವಿಯ ದಾರಿಯಿದೆಯೆಂದು ನಾವು ಯಾರೂ ಹೇಳಿರಲಿಲ್ಲ.

ಮಾಡಿದನೆ? ಮಾಡೆಂದವರು ಯಾರು? ಅವನ ಮಾತನ್ನು ಕೇಳಿದಿರಾ? ಈ ಮೂರು ಪ್ರಶ್ನೆಗಳನ್ನು ಶಲ್ಯನ ವಿಷಯದಲ್ಲೂ ಜಾಕಿಯ ವಿಷಯದಲ್ಲೂ ಕೇಳಿದ ಮೇಲೆ ಉಳಿಯುವ ಶಿಕ್ಷೆ ಎಷ್ಟೇ ಕಠಿಣವಾಗಿರಲಿ, ಅದು ನ್ಯಾಯ. ಕಿನ್ನಾಳದಿಂದ ಹೊರಡುವಾಗ ಹುಡುಗ ಬಸ್ ನಿಲ್ದಾಣದವರೆಗೆ ಜತೆಗೆ ಬಂದ. ಆ ದಿನ ಇನ್ನೇನು ಹೇಳಬೇಕೆಂದಿದ್ದೆ ಎಂದು ಕೇಳಿದೆ. “ನೀವು ಕೇಳ್ಲೇ ಇಲ್ರಿ ಸರ” ಎಂದ.