ಬಿಟ್ಟವರ ಸಿನಿಮಾ, ಉಳಿದವರ ಊರು

ಮೈಕೆಲ್ ಪೊವೆಲ್‌ನ 'ದಿ ಎಡ್ಜ್ ಆಫ್ ದಿ ವರ್ಲ್ಡ್' (1937) ನೋಡಿದೆ. ಸ್ಕಾಟ್ಲೆಂಡಿನ ಸೇಂಟ್ ಕಿಲ್ಡಾ ದ್ವೀಪದ ಕೊನೆಯ 36 ಜನ 1930ರಲ್ಲಿ ಊರು ಬಿಟ್ಟಿದ್ದೇ ಈ ಕತೆಗೆ ಬೀಜ. ಅಲ್ಲಿ ಶೂಟಿಂಗಿಗೆ ಅನುಮತಿ ಸಿಗದೆ ಪೊವೆಲ್ ಶೆಟ್ಲೆಂಡಿನ ಫೌಲಾ ದ್ವೀಪಕ್ಕೆ ಹೋದ.

ತುಂಡು ಹೊಲ, ಕುರಿ, ಮೀನು, ಇಷ್ಟೇ ಬದುಕು. ಇರೋದಾ, ಹೋಗೋದಾ ಅಂತ ತೀರ್ಮಾನಿಸೋಕೆ ಇಬ್ಬರು ಹುಡುಗರು ಪಂದ್ಯ ಕಟ್ಟಿ ಕಡಲಂಚಿನ ಕಡಿದಾದ ಬಂಡೆ ಹತ್ತುತ್ತಾರೆ. ಹೋಗೋಣ ಅಂದವನು ಬಿದ್ದು ಸಾಯ್ತಾನೆ. ಅವನ ಅಪ್ಪನಾಗಿ ಜಾನ್ ಲಾರಿಯ ಬಿಗಿದ ಮುಖ ಮರೆಯೋಕಾಗಲ್ಲ. ಬಂಡೆ, ಅಲೆ, ಗಾಳಿಯನ್ನಂತೂ ಪೊವೆಲ್ ಪಾತ್ರಗಳನ್ನಾಗಿಯೇ ಮಾಡಿದ್ದಾನೆ.

ಆದರೆ ಕೊನೆಗೆ, ಬಿಡಲ್ಲ ಅಂತಿದ್ದ ಆ ಅಪ್ಪನನ್ನೂ ಬಂಡೆಯಿಂದ ಬೀಳಿಸಿಬಿಡ್ತಾನೆ. ನನ್ನ ತಕರಾರು ಇಲ್ಲಿದೆ. ಊರು ಬಿಡೋದು ಅಷ್ಟು ದೊಡ್ಡ ದುರಂತದ ಹಾಗೆ ನಡೆಯಲ್ಲ. ಬಿಇ ಸೀಟು ಸಿಕ್ತು ಅಂತ ನಾನು ಬಸ್ ಹತ್ತಿದೆ, ಅಷ್ಟೇ. ಅಪ್ಪ ಈಗಲೂ ಬೆಳಗ್ಗೆ ಐದಕ್ಕೆದ್ದು ಎಮ್ಮೆ ಕರೀತಾರೆ.

ಸಿನಿಮಾದಲ್ಲಿ ಖಾಲಿಯಾದ ಫೌಲಾದಲ್ಲೂ ಇವತ್ತಿಗೂ ಜನ ಇದ್ದಾರೆ, ಕುರಿ ಸಾಕ್ತಾರೆ. ಅವರ ಕತೆಯನ್ನ ಯಾರಾದರೂ ಸಿನಿಮಾ ಮಾಡಲಿ. ಅಪ್ಪನ ಜೊತೆ ಕೂತು ನೋಡ್ತೀನಿ.