ಸೇಬಿಗೆ ಬರ ಬಂದ ವರ್ಷದ ಸೈಡರ್

ಬ್ರಿಟನ್ನಿನ ತೆರಿಗೆ ಇಲಾಖೆಯ ಲೆಕ್ಕದಲ್ಲಿ ಒಂದು ಪಾನೀಯ ಸೈಡರ್ ಅನಿಸಿಕೊಳ್ಳಲು ಅದರಲ್ಲಿ ಸೇಬಿನ ಅಥವಾ ಪೇರ್ ಹಣ್ಣಿನ ರಸ ಶೇ. 35ರಷ್ಟಿದ್ದರೆ ಸಾಕು. 2010ರಿಂದ ಜಾರಿಯಲ್ಲಿರುವ ನಿಯಮ ಇದು. ಆ ರಸವೂ ಆಗಷ್ಟೇ ಹಿಂಡಿದ್ದಾಗಿರಬೇಕಿಲ್ಲ. ಬತ್ತಿಸಿ ಪಾಕ ಮಾಡಿಟ್ಟಿದ್ದಕ್ಕೆ ನೀರು ಬೆರೆಸಿದರೂ ನಡೆಯುತ್ತದೆ. ಮಿಕ್ಕ ಪಾಲನ್ನು ನೀರು ಮತ್ತು ಸಕ್ಕರೆ ಪಾಕದಿಂದ ತುಂಬಬಹುದು. ಲಾಭಕ್ಕೆ ನಿಂತ ಕಾರ್ಖಾನೆ ಈ ಸಡಿಲಿಕೆಯನ್ನು ಬಳಸಿಕೊಂಡರೆ ಅಚ್ಚರಿಯಿಲ್ಲ. ಆದರೆ ಸೇಬು ತುಟ್ಟಿಯಾದ ವರ್ಷ, ತಮ್ಮ ಖುಷಿಗೆಂದು ಮನೆಯಲ್ಲಿ ಸೈಡರ್ ಮಾಡುವವರೂ ಯಾರ ಒತ್ತಾಯವೂ ಇಲ್ಲದೆ ಇದೇ ಸೂತ್ರಕ್ಕೆ ಇಳಿಯುತ್ತಾರೆ. ಹಣ್ಣು ಅರ್ಧಕ್ಕೆ ಇಳಿಸು, ನೀರು ತುಂಬು, ಸಕ್ಕರೆ ಸುರಿ. ನನ್ನ ತಕರಾರು ಇರುವುದು ಇಲ್ಲಿ.

ಇಂಗ್ಲೆಂಡಿನಲ್ಲಿ ಸೇಬು ಕೈಕೊಡುವುದು ಹೊಸದೇನಲ್ಲ. ಮರ ಹೂ ಬಿಡುವುದು ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ. ಆ ಹೊತ್ತಿಗೆ ಒಂದು ರಾತ್ರಿ ಹಿಮ ಬಿದ್ದರೆ ಆ ವರ್ಷದ ಫಸಲು ಮುಗಿದಂತೆಯೇ. 2017ರ ಏಪ್ರಿಲ್‌ನಲ್ಲಿ ಯುರೋಪಿನ ಎಷ್ಟೋ ತೋಟಗಳು ಹೀಗೆ ಹೂವಿನಲ್ಲೇ ಕಮರಿದವು. ಹಿಮ ಬೀಳದಿದ್ದರೂ ಸೈಡರ್ ತಳಿಯ ಮರಗಳಿಗೆ ನಮ್ಮ ಮಾವಿನ ಹಾಗೆ ಒಂದು ವರ್ಷ ಬಿಟ್ಟು ಒಂದು ವರ್ಷ ಕಾಯುವ ಚಾಳಿ. ಮೇಲಾಗಿ ಸಾಮರ್ಸೆಟ್, ಹೆರೆಫರ್ಡ್‌ಶೈರ್ ಕಡೆ ಬೆಳೆಯುವ ಡ್ಯಾಬಿನೆಟ್, ಕಿಂಗ್‌ಸ್ಟನ್ ಬ್ಲ್ಯಾಕ್ ತರಹದ ಹಣ್ಣುಗಳು ಅಂಗಡಿಗೆ ಬರುವುದೇ ಇಲ್ಲ. ಅವು ತಿನ್ನಲು ಬರುವ ಹಣ್ಣಲ್ಲ, ಬಹುಪಾಲು ಕಂಪನಿಗಳ ಕರಾರಿಗೆ ಮೊದಲೇ ಸಂದಿರುತ್ತವೆ. ಮನೆಯ ಸಣ್ಣ ಗಾಣದಲ್ಲಿ ಒಂದು ಲೀಟರ್ ರಸಕ್ಕೆ ಹೆಚ್ಚುಕಡಿಮೆ ಎರಡು ಕಿಲೋ ಸೇಬು ಬೇಕು. ಒಂದು ಗ್ಯಾಲನ್, ಅಂದರೆ ನಾಲ್ಕೂವರೆ ಲೀಟರ್ ಹಿಡಿಯುವ ಗಾಜಿನ ಬುಂಡೆ ತುಂಬಲು ಎಂಟೊಂಬತ್ತು ಕಿಲೋ. ಅಷ್ಟು ಸೇಬನ್ನು ಅಂಗಡಿಯ ಬೆಲೆಗೆ ಕೊಂಡು ಹಿಂಡುವುದು ಮೂರ್ಖತನ.

ಹಾಗಿದ್ದರೆ ಏನು ಮಾಡಬೇಕು? ಹಳಬರ ಉತ್ತರ ಸರಳವಾಗಿತ್ತು. ಮೊದಲ ಸಲ ಹಿಂಡಿದ ಮೇಲೆ ಉಳಿದ ಹಿಪ್ಪೆಗೆ ನೀರು ಹೊಯ್ದು, ರಾತ್ರಿಯೆಲ್ಲ ನೆನೆಯಲು ಬಿಟ್ಟು, ಮತ್ತೆ ಹಿಂಡುತ್ತಿದ್ದರು. ಬಂದ ತೆಳು ರಸ ಹುದುಗಿದಾಗ ಸಿಗುತ್ತಿದ್ದದ್ದು ಸೈಡರ್‌ಕಿನ್. 1664ರಲ್ಲಿ ಅಚ್ಚಾದ ಜಾನ್ ಎವೆಲಿನ್‌ನ ‘ಪೊಮೋನಾ’ ಎಂಬ ಬರಹದಲ್ಲೇ ಇದರ ಮಾತು ಬರುತ್ತದೆ. ಧಣಿಗೆ ಮೊದಲ ಹಿಂಡಿನದು, ಆಳುಗಳಿಗೆ ಎರಡನೆಯದು. ಇದರಲ್ಲಿ ನ್ಯಾಯ ಹುಡುಕಬೇಡಿ. ಕೂಲಿಯ ಒಂದು ಪಾಲನ್ನೇ ಸೈಡರ್ ರೂಪದಲ್ಲಿ ಕೊಡುತ್ತಿದ್ದ ಪದ್ಧತಿಯನ್ನು ನಿಲ್ಲಿಸಲು 1887ರಲ್ಲಿ ಪಾರ್ಲಿಮೆಂಟು ಕಾನೂನನ್ನೇ ತರಬೇಕಾಯಿತು. ಆಳನ್ನೂ ಹಿಂಡಿ, ಹಣ್ಣನ್ನೂ ಹಿಂಡಿ ಹಿಪ್ಪೆ ಮಾಡಿದ ಕಾಲ ಅದು. ಆದರೆ ಆ ಪಾನೀಯದ ಮಟ್ಟಿಗೆ ಹೇಳುವುದಾದರೆ ಅದು ಸುಳ್ಳು ಹೇಳುತ್ತಿರಲಿಲ್ಲ. ಹಣ್ಣಿನ ಅಂಶ ಕಡಿಮೆ, ಹಾಗಾಗಿ ಅಮಲೂ ಕಡಿಮೆ. ಕುಡಿದವನಿಗೆ ತಾನು ಏನು ಕುಡಿಯುತ್ತಿದ್ದೇನೆಂದು ಗೊತ್ತಿತ್ತು. ಮೊಸರು ಸಾಲದ ಮನೆಯಲ್ಲಿ ನೀರುಮಜ್ಜಿಗೆ ಕೊಟ್ಟರೆ ಯಾರಿಗೂ ಬೇಸರವಿಲ್ಲ. ಮಜ್ಜಿಗೆಗೆ ಹಿಟ್ಟು ಕಲಸಿ ಗಟ್ಟಿ ಮಾಡಿ ಮೊಸರೆಂದು ಬಡಿಸಿದರೆ ಸಿಟ್ಟು ಬರುತ್ತದೆ.

ಸಕ್ಕರೆ ಮಾಡುವುದು ಆ ಎರಡನೆಯ ಕೆಲಸವನ್ನು. ಲೆಕ್ಕ ನೋಡಿ. ಲೀಟರಿಗೆ ಸುಮಾರು 17 ಗ್ರಾಂ ಸಕ್ಕರೆ ಹುದುಗಿದರೆ ಶೇ. 1ರಷ್ಟು ಮದ್ಯಸಾರ ಹುಟ್ಟುತ್ತದೆ. ಸಾಮಾನ್ಯ ಸೇಬಿನ ರಸದಲ್ಲಿ ಲೀಟರಿಗೆ ನೂರು ಗ್ರಾಂ ಆಸುಪಾಸಿನ ಸಕ್ಕರೆ ತಾನಾಗಿಯೇ ಇರುತ್ತದೆ, ಅಲ್ಲಿಗೆ ಶೇ. 6ರ ಸೈಡರ್. ಈಗ ಅರ್ಧ ರಸ, ಅರ್ಧ ನೀರು ಮಾಡಿ ಲೀಟರಿಗೆ 50 ಗ್ರಾಂ ಸಕ್ಕರೆ ಹಾಕಿ. ಅಮಲು ಅಷ್ಟೇ ಬರುತ್ತದೆ, ಅಳತೆಯ ಕಡ್ಡಿಗೆ ವ್ಯತ್ಯಾಸ ತಿಳಿಯುವುದಿಲ್ಲ. ಆದರೆ ಹುಳಿ ಅರ್ಧ, ಒಗರು ಅರ್ಧ, ಪರಿಮಳ ಅರ್ಧ. ಯೀಸ್ಟಿಗೆ ಬೇಕಾದ ಸಾರಜನಕವೂ ಅರ್ಧ. ಸೇಬಿನ ರಸದಲ್ಲಿ ಅದು ಮೊದಲೇ ಕಮ್ಮಿ. ಇನ್ನೂ ಕಮ್ಮಿಯಾದಾಗ ಹಸಿದ ಯೀಸ್ಟು ಕೊಳೆತ ಮೊಟ್ಟೆಯ ವಾಸನೆ ಬಿಡುತ್ತದೆ. ಕೊನೆಗೆ ಸಿಗುವುದು ಸೇಬಿನ ನೆನಪಿರುವ ಬಿಸಿ ನೀರು. ಗಂಟಲು ಸುಡುತ್ತದೆ, ನಾಲಿಗೆಯ ಮೇಲೆ ಏನೂ ನಿಲ್ಲುವುದಿಲ್ಲ.

ನಮ್ಮ ಮಡಿಕೇರಿಯ ಮನೆ ವೈನ್‌ಗಳಲ್ಲೂ ಸಕ್ಕರೆ ಧಾರಾಳವಲ್ಲವೇ ಎಂದು ಯಾರಾದರೂ ಕೇಳಬಹುದು. ನಿಜ. ಆದರೆ ಶುಂಠಿಯಲ್ಲಿ, ವೀಳ್ಯದೆಲೆಯಲ್ಲಿ ಹುದುಗಲು ಬೇಕಾದಷ್ಟು ಸಿಹಿ ಎಲ್ಲಿದೆ? ಅಲ್ಲಿ ಸಕ್ಕರೆ ಹಾಕದೆ ವೈನೇ ಇಲ್ಲ. ಕುಡಿಯುವವರು ಬಯಸುವುದೂ ಆ ಸಿಹಿಯನ್ನೇ. ಸೇಬು ಹಾಗಲ್ಲ, ತನಗೆ ಬೇಕಾದದ್ದನ್ನೆಲ್ಲ ಹೊತ್ತುಕೊಂಡೇ ಬರುವ ಹಣ್ಣು.

ಇನ್ನು ಮೂರನೆಯ ದಾರಿ. ತಿಳಿದ ಸೈಡರ್‌ಗಾರರು ಮೂಗು ಮುರಿಯುವುದು ಹೆಚ್ಚಾಗಿ ಇದನ್ನು ಕಂಡೇ. ಸೂಪರ್ ಮಾರ್ಕೆಟ್ಟಿನಲ್ಲಿ ಸಿಗುವ ಡಬ್ಬಿಯ ಸೇಬಿನ ರಸ ತಂದು, ಬುಂಡೆಗೆ ಸುರಿದು, ಯೀಸ್ಟ್ ಉದುರಿಸಿ, ಗಾಳಿ ಒಳಬಿಡದ ಏರ್‌ಲಾಕ್ ಮುಚ್ಚಳ ಸಿಕ್ಕಿಸಿ ಬಿಡುವುದು. ಬ್ರಿಟನ್ನಿನಲ್ಲಿ ಇದಕ್ಕೆ ‘ಟರ್ಬೊ ಸೈಡರ್’ ಎಂಬ ಅಡ್ಡಹೆಸರಿದೆ. ಗಾಣ ಬೇಡ, ತೊಳೆಯುವುದು ಹೆಚ್ಚುವುದು ಬೇಡ, ಎರಡು ಮೂರು ವಾರದಲ್ಲಿ ಹುದುಗುವುದು ಮುಗಿಯುತ್ತದೆ. ಅಗ್ಗದ ಡಬ್ಬಿಯೊಂದು ಸಾಮಾನ್ಯವಾಗಿ ಒಂದು ಕಿಲೋ ಸೇಬಿಗಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಕಾರಣ ಸರಳ. ಚೀನಾ, ಪೋಲೆಂಡ್‌ಗಳಲ್ಲಿ ಅಂಗಡಿಗೆ ಹೋಗಲಾಗದ ಹಣ್ಣನ್ನು ರಾಶಿ ರಾಶಿಯಾಗಿ ಹಿಂಡಿ, ನೀರಿನಂಶ ತೆಗೆದು, ಪಾಕ ಮಾಡಿ ಸಾಗಿಸುತ್ತಾರೆ. ತಲುಪಿದಲ್ಲಿ ತೆಗೆದಷ್ಟೇ ನೀರನ್ನು ಮತ್ತೆ ಸೇರಿಸುತ್ತಾರೆ. ಹೆರೆಫರ್ಡ್‌ಶೈರಿನ ಒಂದು ರಾತ್ರಿಯ ಹಿಮ ಈ ವ್ಯಾಪಾರವನ್ನು ಅಷ್ಟಾಗಿ ಅಲುಗಿಸುವುದಿಲ್ಲ.

ಡಬ್ಬಿ ಎಂದೊಡನೆ ಕೀಳು ಎನ್ನುವವರ ಜೊತೆ ನಾನು ಸೇರುವುದಿಲ್ಲ. ಅದರಲ್ಲಿರುವುದು ಪೂರ್ತಿ ಸೇಬೇ. ಸಕ್ಕರೆ ಸುರಿದ ‘ಅಪ್ಪಟ ಮನೆ ಸೈಡರ್’ಗಿಂತ ಇದರಲ್ಲಿ ಹಣ್ಣು ಹೆಚ್ಚು. ಕೊಳ್ಳುವಾಗ ಚೀಟಿ ಓದಬೇಕು, ಅಷ್ಟೇ. ಪೊಟ್ಯಾಸಿಯಂ ಸಾರ್ಬೇಟ್ ಅಥವಾ ಸೋಡಿಯಂ ಬೆಂಜೋಯೇಟ್ ಎಂದಿದ್ದರೆ ಡಬ್ಬಿಯನ್ನು ಅಲ್ಲೇ ಬಿಡಿ; ಅವು ಯೀಸ್ಟನ್ನು ಬೆಳೆಯಗೊಡುವುದಿಲ್ಲ. ಬಿಸಿ ಮಾಡಿ ಕೆಡದಂತೆ ಮಾಡಿದ ರಸಕ್ಕೆ ತೊಂದರೆಯಿಲ್ಲ. ‘ಜ್ಯೂಸ್ ಡ್ರಿಂಕ್’ ಎಂದು ಬರೆದದ್ದು ರಸವಲ್ಲ, ನೀರು ಬೆರೆಸಿ ಸಿಹಿ ಮಾಡಿದ್ದು. ಯೀಸ್ಟಿಗೆ ಆಹಾರವೆಂದು ಚಿಟಿಕೆ ಪೋಷಕ ಪುಡಿ ಹಾಕುವುದು ಒಳ್ಳೆಯದು. ಅದರ ಮುಖ್ಯ ವಸ್ತು ಡೈಅಮೋನಿಯಂ ಫಾಸ್ಫೇಟ್, ನಮ್ಮ ರೈತರು ಹೊಲಕ್ಕೆ ಎರಚುವ ಅದೇ ಡಿಎಪಿ. ಹಾಗೆಂದು ಗೊಬ್ಬರದ ಚೀಲಕ್ಕೆ ಕೈ ಹಾಕಬೇಡಿ, ತಿನ್ನಲು ಯೋಗ್ಯವಾದ ದರ್ಜೆಯದು ಬೇರೆಯೇ ಸಿಗುತ್ತದೆ.

ಡಬ್ಬಿ ಸೈಡರ್‌ನ ನಿಜವಾದ ಕೊರತೆ ಇರುವುದು ಬೇರೆ ಕಡೆ. ಅದು ತಿನ್ನುವ ಸೇಬಿನ ರಸ. ಬ್ರಿಸ್ಟಲ್ ಹತ್ತಿರ 1903ರಲ್ಲಿ ಆರಂಭವಾಗಿ ನೂರು ವರ್ಷ ನಡೆದು 2003ರಲ್ಲಿ ಮುಚ್ಚಿದ ಲಾಂಗ್ ಆಷ್ಟನ್ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿ ಬಿ.ಟಿ.ಪಿ. ಬಾರ್ಕರ್ ಸೈಡರ್ ಸೇಬುಗಳನ್ನು ಹುಳಿ ಮತ್ತು ಒಗರಿನ ಆಧಾರದ ಮೇಲೆ ವಿಂಗಡಿಸಿದ್ದರು. ರಸದಲ್ಲಿ ಶೇ. 0.2ಕ್ಕಿಂತ ಹೆಚ್ಚು ಟ್ಯಾನಿನ್ ಇದ್ದರೆ ಒಗರಿನ ಗುಂಪು. ಹುಳಿಗೆ ಗೆರೆ ಶೇ. 0.45. ತಿನ್ನುವ ಸೇಬಿನಲ್ಲಿ ಟ್ಯಾನಿನ್ ಶೇ. 0.2ರ ಗೆರೆ ಮುಟ್ಟುವುದಿಲ್ಲ. ಹಾಗಾಗಿ ಡಬ್ಬಿ ಸೈಡರ್ ತಿಳಿಯಾಗಿ, ಹಗುರಾಗಿ, ತುಸು ಚುರುಕಾಗಿ ಇರುತ್ತದೆಯೇ ಹೊರತು ಬಾಯಲ್ಲಿ ಕಚ್ಚಿ ನಿಲ್ಲುವುದಿಲ್ಲ. ನಾನು ಕುಡಿದಿರುವ ಇಂಥ ಸೈಡರ್‌ಗಳೆಲ್ಲ ಸಭ್ಯವಾಗಿದ್ದವು. ಎರಡನೆಯ ಲೋಟ ಬೇಕೆನಿಸಿದ್ದು ಕೆಲವೇ.

ಆ ಕೆಲವು ಯಾಕೆ ಚೆನ್ನಾಗಿದ್ದವು ಎಂದರೆ, ಮಾಡಿದವರು ಒಗರನ್ನು ಹೊರಗಿನಿಂದ ತಂದಿದ್ದರು. ಅತಿ ಅಗ್ಗದ ಉಪಾಯ ಚಹಾ. ಹಾಲು ಸಕ್ಕರೆಯಿಲ್ಲದ ಕಡಕ್ ಡಿಕಾಕ್ಷನ್ ಒಂದು ಲೋಟ ಒಂದು ಬುಂಡೆಗೆ. ಕೇಳಲು ವಿಚಿತ್ರ, ಕುಡಿದರೆ ಚಹಾ ಎಂದು ಗೊತ್ತಾಗುವುದಿಲ್ಲ, ಬಾಯಿಗೆ ಒಂದು ಹಿಡಿತ ಮಾತ್ರ ಬರುತ್ತದೆ. ಆದರೂ ಇದು ತೇಪೆಯೇ. ಇದಕ್ಕಿಂತ ಮೇಲಾದದ್ದು ಕಾಡುಸೇಬು. ಬೇಲಿಗಳಲ್ಲಿ, ರಸ್ತೆ ಬದಿಯಲ್ಲಿ ಯಾರೂ ಕೇಳದೆ ಉದುರುವ ಈ ಗೋಲಿಯಂಥ ಹಣ್ಣುಗಳಲ್ಲಿ ಹುಳಿಯೂ ಒಗರೂ ತುಂಬಿ ಬಾಯಿಗಿಡಲಾಗದಷ್ಟು ಇರುತ್ತದೆ. ಅದರ ಅರ್ಧ ಲೀಟರ್ ರಸ ಬುಂಡೆಗೆ ಸೇರಿದರೆ ಡಬ್ಬಿಯ ರಸಕ್ಕೆ ಬೆನ್ನುಮೂಳೆ ಬರುತ್ತದೆ. ಅದೂ ಸಿಗದಿದ್ದರೆ ನೆರೆಮನೆಯ ಹಿತ್ತಲಿನ ಬ್ರ್ಯಾಮ್ಲಿ. ಅಡುಗೆಗೆಂದೇ ಬೆಳೆಸುವ ಈ ಹುಳಿ ಸೇಬು ಉದುರಿ ಬಿದ್ದಲ್ಲೇ ಕೊಳೆಯುವ ಮನೆಗಳು ಇಂಗ್ಲೆಂಡಿನಲ್ಲಿ ಬೇಕಾದಷ್ಟು. ಕೇಳಿದರೆ ಒಯ್ಯಿರಿ ಎನ್ನುತ್ತಾರೆ. ಪೆಟ್ಟು ಬಿದ್ದದ್ದು ಪರವಾಗಿಲ್ಲ, ಕೊಳೆತದ್ದು ಬೇಡ. ನೀಲಿ ಬೂಷ್ಟು ಹಿಡಿದ ಸೇಬಿನಲ್ಲಿ ಪ್ಯಾಟುಲಿನ್ ಎಂಬ ವಿಷ ಹುಟ್ಟುತ್ತದೆ. ಹಣ್ಣು ದುರ್ಲಭವಾದ ವರ್ಷ ಅದನ್ನು ಬಳಸಬೇಕಾದ ರೀತಿ ಹೀಗೆ: ಗಾತ್ರಕ್ಕೆ ಡಬ್ಬಿ, ಗುಣಕ್ಕೆ ಹಣ್ಣು.

ಸಿಹಿಯ ಪ್ರಶ್ನೆಯೂ ಇದೆ. ಯೀಸ್ಟ್ ಸಕ್ಕರೆಯನ್ನೆಲ್ಲ ತಿಂದು ಮುಗಿಸುವುದರಿಂದ ಮನೆ ಸೈಡರ್‌ನಲ್ಲಿ ಸಿಹಿಯೇ ಉಳಿದಿರುವುದಿಲ್ಲ. ಅಂಗಡಿಯ ಸಿಹಿ ಸೈಡರ್‌ಗೆ ಒಗ್ಗಿದವರು ಮುಖ ಕಿವುಚುತ್ತಾರೆ. ಬುಂಡೆಯಲ್ಲಿ ಒಂದು ಲೀಟರಿನಷ್ಟು ಸೇಬಿನ ಬದಲು ಪೇರ್, ಅಂದರೆ ಮರಸೇಬಿನ ರಸ ಹಾಕಿದರೆ ಸ್ವಲ್ಪ ಸಮಾಧಾನ. ಅದರಲ್ಲಿರುವ ಸಾರ್ಬಿಟಾಲನ್ನು ಯೀಸ್ಟ್ ತಿನ್ನಲಾರದು, ತೆಳ್ಳಗೆ ಸಿಹಿ ಉಳಿಯುತ್ತದೆ. ಸೀಸೆಗೆ ತುಂಬುವಾಗ ಗುಳ್ಳೆ ಬರಲೆಂದು ಲೀಟರಿಗೆ ಒಂದು ಟೀ ಚಮಚ ಸಕ್ಕರೆ ಹಾಕುವುದಕ್ಕೆ ನನ್ನ ವಿರೋಧವಿಲ್ಲ. ಆದರೆ ಹುದುಗುವುದು ಪೂರ್ತಿ ನಿಂತ ಮೇಲೆ, ಅದೂ ಸೋಡಾದ ಪ್ಲಾಸ್ಟಿಕ್ ಬಾಟಲಿಗೆ. ಅವಸರಪಟ್ಟು ತೆಳು ಗಾಜಿನ ಸೀಸೆಗೆ ತುಂಬಿದರೆ ಅದು ಸಿಡಿಯುತ್ತದೆ.

ಇಷ್ಟೆಲ್ಲ ಮಾಡಿಯೂ ರಸ ಸಾಲದಿದ್ದರೆ? ನೀರು ಬೆರೆಸಿ, ಸಕ್ಕರೆ ಬೇಡ. ಅರ್ಧಕ್ಕರ್ಧ ಮಾಡಿದರೆ ಶೇ. 3ರ, ಸೈಡರ್‌ಕಿನ್‌ನಂಥದ್ದೇ ಪಾನೀಯ ಸಿಗುತ್ತದೆ. ಅದು ಬೇಗ ಕೆಡುತ್ತದೆ, ಫ್ರಿಜ್ಜಿನಲ್ಲಿಟ್ಟು ಕೆಲವೇ ವಾರಗಳಲ್ಲಿ ಮುಗಿಸಬೇಕು. ಬೇಸಿಗೆಯ ಮಧ್ಯಾಹ್ನಕ್ಕೆ ಶೇ. 6ರ ಸಕ್ಕರೆ ನೀರಿಗಿಂತ ಅದು ಎಷ್ಟೋ ವಾಸಿ. ಮೂರು ಪದ್ಧತಿಗಳಲ್ಲಿ ನನ್ನ ಮೊದಲ ಮತ ಕಾಡುಸೇಬು ಬೆರೆಸಿದ ಡಬ್ಬಿ ರಸಕ್ಕೆ, ಎರಡನೆಯದು ಸೈಡರ್‌ಕಿನ್‌ಗೆ. ಸಕ್ಕರೆ ಸುರಿದದ್ದಕ್ಕೆ ಮತವಿಲ್ಲ.

ಕಾನೂನಿನ ಮಾತೊಂದು ಬಾಕಿ. 1763ರಲ್ಲಿ ಬ್ರಿಟನ್ನಿನ ಸರ್ಕಾರ ಮನೆಯಲ್ಲಿ ಮಾಡುವ ಸೈಡರ್‌ಗೂ ತೆರಿಗೆ ಹಾಕಿ, ಸುಂಕದವರನ್ನು ಮನೆಯೊಳಗೆ ಬಿಡಲು ಹೊರಟಾಗ ಗಲಭೆಗಳೆದ್ದವು; ಮೂರೇ ವರ್ಷದಲ್ಲಿ ತೆರಿಗೆ ರದ್ದಾಯಿತು. ಈಗ ಅಲ್ಲಿರುವ ಕನ್ನಡಿಗರು ತಮ್ಮ ಮನೆಮಟ್ಟಿಗೆ ಸೈಡರ್ ಮಾಡಿಕೊಳ್ಳಬಹುದು, ಮಾರುವಂತಿಲ್ಲ. ಇಲ್ಲಿರುವವರು ಬುಂಡೆ ಹುಡುಕುವ ಮುನ್ನ ತಿಳಿದಿರಲಿ: 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ.