ತಿರುಳ್ಗನ್ನಡದ ತಿರುಕನ ಜೋಳಿಗೆ

ಕೆಲವು ವರ್ಷಗಳ ಹಿಂದೆ ಮುಂಡರಗಿ ತಾಲೂಕಿನ ಹಳ್ಳಿಯೊಂದರಲ್ಲಿ ಶವಸಂಸ್ಕಾರ ಮುಗಿಸಿ ಮನೆಯವರೊಡನೆ ಕಟ್ಟೆಯ ಮೇಲೆ ಕುಳಿತಿದ್ದೆ. ಸಾಂತ್ವನ ಹೇಳಲು ಬಂದಿದ್ದ ನೆರೆಮನೆಯ ವೃದ್ಧ ರೈತರೊಬ್ಬರು ಮಾತಿನ ನಡುವೆ ಸರ್ವಜ್ಞನ ತ್ರಿಪದಿಯೊಂದನ್ನು ಹೇಳಿ ಸುಮ್ಮನಾದರು. ಅರ್ಧ ಗಂಟೆ ನಾನು ಮಾಡಿದ ಪ್ರಬೋಧನೆಗಿಂತ ಆ ಮೂರು ಸಾಲುಗಳೇ ಆ ಮನೆಯವರನ್ನು ಹೆಚ್ಚು ತಟ್ಟಿದವೆಂದು ನನಗೆ ಅನಿಸಿತು. “ಅಜ್ಜಾರ, ಇದನ್ನ ಎಲ್ಲಿ ಕಲಿತ್ರಿ?” ಎಂದು ಕೇಳಿದೆ. “ನಮ್ಮಪ್ಪ ಹೇಳತಿದ್ದರೀ ಫಾದರ್” ಎಂದರು. ಆ ತ್ರಿಪದಿಗಳನ್ನು ಜನರ ಬಾಯಿಂದಲೂ ಹಳೆಯ ಹಸ್ತಪ್ರತಿಗಳಿಂದಲೂ ಕೂಡಿಸಿ, ವಿಷಯವಾರು ಜೋಡಿಸಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂದು ಅಚ್ಚು ಹಾಕಿಸಿದವರು ಒಬ್ಬ ಕ್ರೈಸ್ತ ಸಭಾಪಾಲಕರೆಂಬುದು ಕಟ್ಟೆಯ ಮೇಲೆ ಕುಳಿತಿದ್ದ ನಮ್ಮ ಕ್ರೈಸ್ತ ಕುಟುಂಬದವರಿಗೂ ಗೊತ್ತಿರಲಿಲ್ಲ.

ಅವರೇ ರೆವರೆಂಡ್ ಉತ್ತಂಗಿ ಚನ್ನಪ್ಪನವರು. ಮುಂಡರಗಿ ಸೀಮೆಯಿಂದ ತುಂಗಭದ್ರೆಯನ್ನು ದಾಟಿದರೆ ಹೂವಿನಹಡಗಲಿ ತಾಲೂಕು. ಅವರ ಹೆಸರಿನಲ್ಲಿರುವ ಉತ್ತಂಗಿ ಆ ತಾಲೂಕಿನ ಊರು. ಹುಟ್ಟಿದ್ದು ಧಾರವಾಡದಲ್ಲಿ, 1881ರ ಅಕ್ಟೋಬರ್ 28ರಂದು. ತಂದೆ ದಾನಿಯೇಲಪ್ಪ, ತಾಯಿ ಸುಭದ್ರವ್ವ. ಒಂದು ಮನೆಯಲ್ಲಿ ಬೈಬಲಿನ ಹೆಸರೂ ಪುರಾಣದ ಹೆಸರೂ ಹೀಗೆ ಜೊತೆಯಾಗಿದ್ದುದನ್ನು ಗಮನಿಸಬೇಕು. ಮಂಗಳೂರಿನಲ್ಲಿ ದೈವಶಾಸ್ತ್ರ ಓದಿ ಬಾಸೆಲ್ ಮಿಶನ್ನಿನ ಸಭಾಪಾಲಕರಾದರು. ಕಲಬುರ್ಗಿಯಲ್ಲಿ 1949ರಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕೂಡಿಸಿತು. 1962ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಬಾಸೆಲ್ ಮಿಶನ್ ನಮ್ಮ ಗದಗ ಸೀಮೆಗೆ ಹೊಸದಲ್ಲ. ಬೆಟಗೇರಿಯಲ್ಲಿ ಅವರ ಠಾಣ್ಯ ಆರಂಭವಾದದ್ದು 1841ರಲ್ಲಿ. ಹತ್ತಿರದ ಮಲ್ಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗೆ ಒಕ್ಕಲುತನ ಕಲಿಸುವ ಪ್ರಯತ್ನವೂ ಆಗಲೇ ನಡೆಯಿತು. ಬೆಟಗೇರಿಯ ಜರ್ಮನ್ ಆಸ್ಪತ್ರೆ ಎಂದರೆ ಇಂದಿಗೂ ಆಟೋದವರಿಗೆ ದಾರಿ ಹೇಳಬೇಕಾಗಿಲ್ಲ. ಆದರೆ ಆಸ್ಪತ್ರೆ ನೆನಪಿದ್ದಷ್ಟು ಪುಸ್ತಕ ನೆನಪಿಲ್ಲ. ಇದು ನಮ್ಮ ಎಲ್ಲ ಸಭೆಗಳ ರೋಗ. ನಾನು ಗುರುಮಠದಲ್ಲಿ ಯೂರೋಪಿನ ತತ್ತ್ವಜ್ಞಾನಿಗಳನ್ನು ವರ್ಷಗಟ್ಟಲೆ ಓದಿದೆ, ಪರೀಕ್ಷೆಯನ್ನೂ ಬರೆದೆ. ಉತ್ತಂಗಿಯವರ ಹೆಸರು ಒಮ್ಮೆಯೂ ಕಿವಿಗೆ ಬೀಳಲಿಲ್ಲ. ಪ್ರಾಟೆಸ್ಟಂಟರು ಎಂಬ ಕಾರಣವೋ, ಕನ್ನಡದವರು ಎಂಬ ಕಾರಣವೋ, ತಿಳಿಯದು.

ಸರ್ವಜ್ಞನ ವಿಷಯದಲ್ಲಿ ಕಥೋಲಿಕರಾದ ನಮಗೂ ಒಂದು ಹಳೆಯ ನಂಟಿದೆ. ಮೈಸೂರು ಸೀಮೆಯಲ್ಲಿ ಎರಡು ದಶಕಕ್ಕೂ ಮಿಕ್ಕಿ ದುಡಿದ ಫ್ರೆಂಚ್ ಗುರು ಅಬ್ಬೆ ದುಬಾಯ್ ಅವರು, ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಈ ಕವಿಯ ಹೆಸರನ್ನು ಪ್ರಸ್ತಾಪಿಸಿದ್ದಾರೆ. ಆದರೆ ಅವರದು ಪ್ರಸ್ತಾಪ ಮಾತ್ರ. ತೆಲುಗಿನ ವೇಮನನಿಗೆ 1829ರಲ್ಲಿಯೇ ಸಿ. ಪಿ. ಬ್ರೌನ್ ಎಂಬ ಸಂಪಾದಕ ದೊರೆತ. ಸರ್ವಜ್ಞ ಅದಕ್ಕಾಗಿ ಉತ್ತಂಗಿಯವರ ಕಾಲದವರೆಗೆ ಕಾಯಬೇಕಾಯಿತು. ಅವರು ಸುಮಾರು ಎರಡು ಸಾವಿರ ತ್ರಿಪದಿಗಳನ್ನು ಒಂದೆಡೆ ತಂದರು. ಜನ ಅವರನ್ನು ‘ತಿರುಳ್ಗನ್ನಡದ ತಿರುಕ’ ಎಂದು ಕರೆದರು. ಬೋಧಿಸಲು ಹೋದವನು ಬೇಡುವವನಾಗುವುದು ಸಣ್ಣ ಮಾತಲ್ಲ. ನಾವು ಗುರುಗಳು ಹಳ್ಳಿಗೆ ಹೋದಾಗ ಕೊಡಲು ಹೋಗುತ್ತೇವೆ. ಸಂಸ್ಕಾರ ಕೊಡುತ್ತೇವೆ, ಉಪದೇಶ ಕೊಡುತ್ತೇವೆ, ಕೆಲವೊಮ್ಮೆ ಅಕ್ಕಿಯನ್ನೂ ಕೊಡುತ್ತೇವೆ. ‘ನಿಮ್ಮಲ್ಲಿರುವುದನ್ನು ನನಗೆ ಹೇಳಿ, ಬರೆದುಕೊಳ್ಳುತ್ತೇನೆ’ ಎಂದು ಚಾಪೆಯ ಮೇಲೆ ಕುಳಿತ ಅನುಭವ ನಮ್ಮಲ್ಲಿ ಎಷ್ಟು ಜನರಿಗಿದೆ?

ಹೀಗೆಂದು ಅವರ ಸಂಕಲನವನ್ನು ಕಣ್ಣುಮುಚ್ಚಿ ಒಪ್ಪಬೇಕಾಗಿಲ್ಲ. ಭಿಕ್ಷುಕನ ಜೋಳಿಗೆಯಲ್ಲಿ ಜೋಳವೂ ಬೀಳುತ್ತದೆ, ಸಜ್ಜೆಯೂ ಬೀಳುತ್ತದೆ, ಒಮ್ಮೊಮ್ಮೆ ಹರಳೂ ಬೀಳುತ್ತದೆ. ಮೂರು ಸಾಲಿನ ಕೊನೆಯಲ್ಲಿ ‘ಸರ್ವಜ್ಞ’ ಎಂಬ ಅಂಕಿತವಿದ್ದ ಮಾತ್ರಕ್ಕೆ ಅದು ಅವನದೇ ಆಗಬೇಕಾಗಿಲ್ಲ. ಮಾತುಬಲ್ಲ ಯಾವ ರೈತನೂ ಆ ಅಚ್ಚಿನಲ್ಲಿ ಒಂದು ತ್ರಿಪದಿ ಎರಕ ಹೊಯ್ಯಬಲ್ಲ. ಕವಿಯ ಹುಟ್ಟಿನ ಕಥೆಯನ್ನು, ಮಾಸೂರಿನ ತಂದೆ ಮತ್ತು ಅಂಬಲೂರಿನ ತಾಯಿಯ ವೃತ್ತಾಂತವನ್ನು, ಅವನ ಬಾಯಿಂದಲೇ ಹೇಳಿಸುವ ತ್ರಿಪದಿಗಳ ವಿಷಯದಲ್ಲಂತೂ ಬಹಳ ಎಚ್ಚರ ಬೇಕು. ಕವಿ ಪ್ರಸಿದ್ಧನಾದ ಮೇಲೆ ಅವನ ತೊಟ್ಟಿಲನ್ನು ಹುಡುಕುವುದು ಜನರ ಸ್ವಭಾವ. ಇಂತಹ ಪದ್ಯಗಳ ಆಧಾರದ ಮೇಲೆ ಜೀವನಚರಿತ್ರೆ ಕಟ್ಟಿದರೆ ಗೋಡೆ ನಿಲ್ಲುವುದು ಕಷ್ಟ. ಆದರೆ ಶೋಧಿಸುವ ವಿದ್ವಾಂಸ ಹಿಂದಿನಿಂದ ಬರಬಹುದು. ಕೂಡಿಸುವವನು ಮೊದಲು ಬರಬೇಕು. ತಡವಾಗಿದ್ದರೆ ಹೇಳುವ ಬಾಯಿಗಳೇ ಉಳಿಯುತ್ತಿರಲಿಲ್ಲ.

ವಿಜಾಪುರದಲ್ಲಿ ಡಾ. ಫ. ಗು. ಹಳಕಟ್ಟಿಯವರು ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದ್ದು 1923ರಲ್ಲಿ, ಸರ್ವಜ್ಞನಿಗಿಂತ ಒಂದೇ ವರ್ಷ ಮೊದಲು. ಒಬ್ಬರು ವಕೀಲರು, ಒಬ್ಬರು ಸಭಾಪಾಲಕರು. ಇಬ್ಬರಿಗೂ ಇದು ಸಂಬಳದ ಕೆಲಸವಾಗಿರಲಿಲ್ಲ. ಮುಂದೆ ಉತ್ತಂಗಿಯವರೂ ಶರಣರ ವಚನಗಳ ಕಡೆಗೆ ಹೊರಳಿ, ಸೊನ್ನಲಿಗೆಯ ಸಿದ್ಧರಾಮ, ಮೋಳಿಗೆಯ ಮಾರಯ್ಯ ಇವರ ಸಾಹಿತ್ಯದ ಸಂಪಾದನೆಯಲ್ಲಿ ತೊಡಗಿದರು. ನಮ್ಮ ಲಕ್ಷ್ಮೇಶ್ವರಕ್ಕೆ ಸೇರಿದ ಆದಯ್ಯನನ್ನೂ ಅವರು ಬಿಡಲಿಲ್ಲ. ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಪುಲಿಗೆರೆಗೆ ಬಂದು, ಜೈನ ಮನೆತನದ ಪದ್ಮಾವತಿಯನ್ನು ಮದುವೆಯಾಗಿ, ಇಲ್ಲಿ ಸೋಮನಾಥನನ್ನು ನೆಲೆಗೊಳಿಸಿದವನೆಂದು ಹರಿಹರ, ರಾಘವಾಂಕರ ಕಾವ್ಯಗಳು ಹೇಳುವ ಶರಣ ಆತ. ಸೋಮೇಶ್ವರ ದೇವಾಲಯ ಮತ್ತು ಶಂಖಬಸದಿ, ಎರಡೂ ಇರುವ ಊರಿನಲ್ಲಿ ಈ ಕಥೆ ಸುಲಭದ್ದಲ್ಲ. ಕಾವ್ಯದಲ್ಲಿ ಅದು ಒಂದು ಮತದ ಗೆಲುವಿನ ಕಥೆ. ಸೋತವರ ಕಡೆಯಿಂದ ಅದನ್ನು ಓದುವವರು ಯಾರು? ಇಂದು ಎಲ್ಲೆಡೆ ಹಳೆಯ ಜಯಾಪಜಯಗಳ ಲೆಕ್ಕ ತೆಗೆಯಲಾಗುತ್ತಿರುವಾಗ, ರಗಳೆಯನ್ನು ರಗಳೆಯಾಗಿ, ಶಾಸನವನ್ನು ಶಾಸನವಾಗಿ ಬೇರ್ಪಡಿಸಿ ಓದುವುದನ್ನು ನಾವು ಕಲಿಯದಿದ್ದರೆ ಊರಿನ ಇತಿಹಾಸವೇ ಊರಿಗೆ ಮುಳ್ಳಾಗುತ್ತದೆ. ಆದಯ್ಯನ ವಚನಗಳನ್ನು ಸಂಪಾದಿಸುವ ಹಾದಿ ಇದಕ್ಕೆ ಒಳ್ಳೆಯ ಮದ್ದು: ಗೆದ್ದವನೆಂದು ಇತರರು ಹಾಡಿದ್ದನ್ನು ಬದಿಗಿಟ್ಟು, ಆತನ ಹೆಸರಿನಲ್ಲಿ ಉಳಿದ ಮಾತುಗಳನ್ನು ಕೇಳುವುದು.

‘ಅನುಭವ ಮಂಟಪದ ಐತಿಹಾಸಿಕತೆ’ ಎಂಬ ಕೃತಿಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಕಲ್ಯಾಣದ ಅನುಭವ ಮಂಟಪ ಕವಿಕಲ್ಪನೆಯೇ, ಚರಿತ್ರೆಯೇ ಎಂಬ ವಾದ ಎದ್ದಾಗ ಉತ್ತಂಗಿಯವರು ಚರಿತ್ರೆಯೆಂದು ನಿಂತರು. ಕ್ರೈಸ್ತ ಸಭಾಪಾಲಕರೊಬ್ಬರು ಲಿಂಗಾಯತರ ಪರಂಪರೆಗೆ ವಕೀಲರಾಗಿ ನಿಂತದ್ದು ನಮ್ಮ ನಾಡಿನಲ್ಲಿ ಮಾತ್ರ ನಡೆಯಬಹುದಾದ ಸಂಗತಿ, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಮಂಟಪದ ಸಭೆಯನ್ನು ನಮ್ಮ ಕಣ್ಣಿಗೆ ಕಟ್ಟುವಂತೆ ತರುವುದು ಶೂನ್ಯಸಂಪಾದನೆ. ಅದು ರಚಿತವಾದದ್ದು ಹದಿನೈದನೆಯ ಶತಮಾನದಲ್ಲಿ. ಬಸವಣ್ಣನವರಿಗೂ ಅದಕ್ಕೂ ಸುಮಾರು ಮುನ್ನೂರು ವರ್ಷಗಳ ಅಂತರ. ಈ ಅಂತರವನ್ನು ಪ್ರೀತಿಯಿಂದ ದಾಟಬಹುದು, ಪುರಾವೆಯಿಂದ ದಾಟುವುದು ಕಠಿಣ.

ಇಲ್ಲಿ ಸಭಾಪಾಲಕರ ಕೈಯಲ್ಲಿ ಇನ್ನೊಂದು ಉತ್ತರವಿತ್ತೆಂದು ನನಗೆ ತೋರುತ್ತದೆ. ಆದಿ ಧರ್ಮಸಭೆಗೆ ಕಟ್ಟಡವೆಲ್ಲಿತ್ತು? ಫಿಲಿಪ್ಪಿಯಲ್ಲಿ ಲಿಡಿಯಳ ಮನೆ, ಬೇರೆಡೆ ಅಕ್ವಿಲ ಮತ್ತು ಪ್ರಿಸ್ಸಿಲರ ಮನೆ. ಅಲ್ಲಿ ರೊಟ್ಟಿ ಮುರಿದರು, ಪ್ರಾರ್ಥಿಸಿದರು. ಸಿರಿಯಾದ ದೂರಾ-ಯೂರೋಪಸ್‌ನಲ್ಲಿ ಉತ್ಖನನದಿಂದ ಹೊರಬಂದ ಮೂರನೆಯ ಶತಮಾನದ ಪ್ರಾರ್ಥನಾಸ್ಥಳವೂ ಮಾರ್ಪಡಿಸಿದ ಒಂದು ಮನೆಯೇ. ಆ ಕಾಲದ ದೊಡ್ಡ ದೇವಾಲಯವೊಂದನ್ನು ತೋರಿಸಿ ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಉತ್ತರವಿಲ್ಲ. ಅದರಿಂದ ಧರ್ಮಸಭೆ ಇರಲಿಲ್ಲವೆಂದಾಗುವುದಿಲ್ಲ. ಶರಣರು ಕೂಡುತ್ತಿದ್ದರು, ಚರ್ಚಿಸುತ್ತಿದ್ದರು, ಅಲ್ಲಿ ಮಾದಾರನೂ ಅಂಬಿಗನೂ ಮಾತಾಡಿದರು ಎಂಬುದಕ್ಕೆ ಆ ವಚನಗಳ ನುಡಿಯೇ ಸಾಕ್ಷಿ. ಕಂಬವಿದ್ದ ಮಂಟಪ ಸಿಕ್ಕರೂ ಸಿಗದಿದ್ದರೂ ಆ ಸಾಕ್ಷಿಗೆ ಕುಂದಿಲ್ಲ. ಈ ವಾದವನ್ನು ಅವರೇ ಇನ್ನಷ್ಟು ಬಲವಾಗಿ ಹೂಡಬಹುದಿತ್ತು ಎಂಬುದು ನನ್ನ ದೂರು.

ಅವರು ತಮ್ಮ ವಿಶ್ವಾಸವನ್ನು ಮರೆಮಾಚಿಯೇ ಅನ್ಯರ ಪ್ರೀತಿ ಗಳಿಸಿದರೆಂದು ಯಾರೂ ತಿಳಿಯಬಾರದು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂದು ಪುಸ್ತಕಕ್ಕೆ ಹೆಸರಿಟ್ಟವರು ಅವರು. ಎರಡು ಊರುಗಳ ನಡುವೆ ಅವರು ಇರಿಸಿದ್ದು ಆಜ್ಞೆಯನ್ನಲ್ಲ, ಖಂಡನೆಯನ್ನೂ ಅಲ್ಲ, ವಿನಂತಿಯನ್ನು. ಇಂತಹ ನಿಲುವಿನವರನ್ನು ಎರಡೂ ಕಡೆಯವರು ಸಂಶಯದಿಂದ ನೋಡುವುದು ಸಹಜ. ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದುದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆ ಘೋಷಿಸಿದ್ದು 1965ರಲ್ಲಿ. ಆ ದಿನವೂ ಅಕ್ಟೋಬರ್ 28, ಕಾಕತಾಳೀಯ ನಿಜ. ಅಷ್ಟರಲ್ಲಿ ಉತ್ತಂಗಿಯವರು ತೀರಿಕೊಂಡು ಮೂರು ವರ್ಷವಾಗಿತ್ತು. ನಾವು ರೋಮಿನಿಂದ ಕಲಿತ ಪಾಠ ನೆರೆಯ ಸಭೆಯವರ ಕಪಾಟಿನಲ್ಲಿ ಕನ್ನಡದಲ್ಲೇ ಇತ್ತು.

ನಮ್ಮ ಧರ್ಮಕೇಂದ್ರಗಳ ಬೆಳ್ಳಿಹಬ್ಬ, ಸುವರ್ಣಮಹೋತ್ಸವದ ಸ್ಮರಣಸಂಚಿಕೆಗಳನ್ನು ತಿರುವಿದಾಗ ಇವರ ನೆನಪು ಚುಚ್ಚುತ್ತದೆ. ದೇವಾಲಯಕ್ಕೆ ಅಡಿಗಲ್ಲು ಹಾಕಿದ ದಿನಾಂಕ, ಸೇವೆ ಸಲ್ಲಿಸಿದ ಗುರುಗಳ ಭಾವಚಿತ್ರಗಳು, ಗಣ್ಯರ ಸಂದೇಶಗಳು, ಜಾಹೀರಾತು. ಹಳ್ಳಿಯಿಂದ ಹಳ್ಳಿಗೆ ಸೈಕಲ್ ತುಳಿದ ಉಪದೇಶಿಯ ಹೆಸರಿಲ್ಲ. ಮಗ್ಗದ ಮುಂದೆ ಕುಳಿತು ಜಪಸರ ಹೇಳಿಕೊಟ್ಟ ತಾಯಿ ಇಲ್ಲ. ಬರಗಾಲದಲ್ಲಿ ಊರು ಬಿಟ್ಟು ಹೋದ ಮನೆಗಳ ಪಟ್ಟಿ ಇಲ್ಲ. ಶಿರಹಟ್ಟಿಯ ಫಕೀರೇಶ್ವರನ ಜಾತ್ರೆಗೆ ನಮ್ಮವರು ಹೋಗುತ್ತಿದ್ದರೇ, ಹೋದರೆ ಏನೆಂದುಕೊಂಡು ಹೋಗುತ್ತಿದ್ದರು ಎಂಬುದನ್ನು ಕೇಳಿ ಬರೆದವರಿಲ್ಲ.

ಆ ವೃದ್ಧ ರೈತರನ್ನು ಮತ್ತೊಮ್ಮೆ ಕಾಣಬೇಕೆಂದು ಮರುವರ್ಷ ಅದೇ ಹಳ್ಳಿಗೆ ಹೋದಾಗ ನೋಟುಪುಸ್ತಕ ಒಯ್ದಿದ್ದೆ. ಅವರು ಹಾಸಿಗೆ ಹಿಡಿದಿದ್ದರು. ಆದರೂ ಹನ್ನೊಂದು ತ್ರಿಪದಿ ಹೇಳಿದರು. ಮನೆಗೆ ಬಂದು ಸಂಕಲನದೊಡನೆ ತಾಳೆ ನೋಡಿದೆ. ಎರಡು ಅದರಲ್ಲಿ ಸಿಗಲಿಲ್ಲ.